ಗಣಕದ ತೆರೆಯ ಮೇಲಿನ ಸುರುಳಿ

ವಿದ್ಯುನ್ಮಾನ ಶಾಸ್ತ್ರ ಓದುವ ವಿದ್ಯಾರ್ಥಿಯ ಕೈಗೆ ಇಂದು ಸೋಲ್ಡರಿಂಗ್ ಐರನ್ ಬರುವ ಮೊದಲೇ ಗಣಕದ ಮೌಸ್ ಬಂದಿರುತ್ತದೆ. ಮಂಡಲವನ್ನು ತೆರೆಯ ಮೇಲೆ ಬರೆದು, ಬೆಲೆಗಳನ್ನು ತುಂಬಿ, ಗುಂಡಿ ಒತ್ತಿದರೆ ಅಲೆಯ ಚಿತ್ರ ಮೂಡುತ್ತದೆ. ಇದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ಕನ್ನಡದಲ್ಲಿ ಅನುಕರಣೆ ಎನ್ನಬಹುದು. ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಬಿಡಿಭಾಗ ಸುಡುವುದಿಲ್ಲ, ಹಣ ಖರ್ಚಾಗುವುದಿಲ್ಲ, ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದು. ಆದರೆ ಈ ಅನುಕೂಲದ ಜೊತೆಗೇ ಒಂದು ದುರಭ್ಯಾಸವೂ ಬೆಳೆದಿದೆ. ರೋಧಕ, ಧಾರಕ, ಪ್ರೇರಕ ಈ ಮೂರಕ್ಕೂ ಒಂದೊಂದು ಸಂಖ್ಯೆ ಬರೆದು ಕೈತೊಳೆದುಕೊಳ್ಳುವ ಅಭ್ಯಾಸವದು. ರೋಧಕದ ಮಟ್ಟಿಗೆ ಇದು ಸಾಮಾನ್ಯವಾಗಿ ನಡೆಯುತ್ತದೆ. ಧಾರಕದಲ್ಲಿ ಕೆಲವೊಮ್ಮೆ ನಡೆಯುತ್ತದೆ. ಪ್ರೇರಕದಲ್ಲಿ, ಅಂದರೆ ಅಂಗಡಿಯಲ್ಲಿ ಕಾಯಿಲ್, ಚೋಕ್ ಎಂದು ಕೇಳಿ ತರುವ ತಂತಿಯ ಸುರುಳಿಯಲ್ಲಿ, ಬಹಳ ಸಲ ನಡೆಯುವುದೇ ಇಲ್ಲ.

ಈ ಮಾತನ್ನು ಪರೀಕ್ಷಿಸಲು ಒಳ್ಳೆಯ ಉದಾಹರಣೆಯೊಂದು ಮಲೆನಾಡಿನ ಬಾಗಿಲಲ್ಲೇ ಇದೆ. ಆಕಾಶವಾಣಿಯ ಭದ್ರಾವತಿ ನಿಲಯ 1965ರಲ್ಲಿ ಆರಂಭವಾಯಿತು. ಅದರ ಮಧ್ಯಮ ತರಂಗದ ಆವೃತ್ತಿ 675 ಕಿಲೋಹರ್ಟ್ಸ್, ಅಂದರೆ ಸುಮಾರು 444 ಮೀಟರ್ ತರಂಗಾಂತರ. ಅಲ್ಲಿಂದ 20 ಕಿಲೋಮೀಟರಿನಷ್ಟು ದೂರದ ಶಿವಮೊಗ್ಗ ನಗರದಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ದಶಕಗಳ ಕಾಲ ರೇಡಿಯೊದ ಮುಳ್ಳು ನಿಲ್ಲುತ್ತಿದ್ದ ಜಾಗ ಅದು. ಆ ಆವೃತ್ತಿಯನ್ನು ಹಿಡಿಯುವ ಒಂದು ಮಂಡಲ ಮತ್ತು ಅದಕ್ಕೆ ಅಡ್ಡಿಯಾಗುವ ಗದ್ದಲವನ್ನು ತಡೆಯುವ ಒಂದು ಫಿಲ್ಟರ್, ಈ ಎರಡನ್ನು ಗಣಕದ ತೆರೆಯ ಮೇಲೆ ಬರೆದು ನೋಡೋಣ. ನಿಮ್ಮ ಬಳಿ ಗಣಕವಿದ್ದರೆ ಓದುತ್ತಲೇ ಮಾಡಿ ನೋಡಬಹುದು. ಇಲ್ಲದಿದ್ದರೆ ಒಂದು ಕ್ಯಾಲ್ಕುಲೇಟರ್ ಸಾಕು.

ಸ್ಪೈಸ್ ಕಂಡ ಪ್ರೇರಕ

ಇಂದು ಬಳಕೆಯಲ್ಲಿರುವ ಇಂಥ ತಂತ್ರಾಂಶಗಳಲ್ಲಿ ಹೆಚ್ಚಿನವುಗಳ ಮೂಲ 'ಸ್ಪೈಸ್'. ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪೆಡರ್‌ಸನ್ ಅವರ ಮಾರ್ಗದರ್ಶನದಲ್ಲಿ ಲಾರೆನ್ಸ್ ನೇಗಲ್ ರೂಪಿಸಿದ ಈ ಕ್ರಮವಿಧಿ 1973ರಲ್ಲಿ ಹೊರಬಂದಿತು. ಉಚಿತವಾಗಿ ದೊರೆಯುವ ಎಲ್‌ಟಿಸ್ಪೈಸ್, ಎನ್‌ಜಿಸ್ಪೈಸ್ ಎರಡೂ ಅದರ ವಂಶದವು. ಮುಂಬಯಿಯ ಐಐಟಿಯ ಫಾಸೀ ಯೋಜನೆ ನಮ್ಮ ದೇಶದ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿರುವ 'ಇಸಿಮ್' ಕೂಡ ಒಳಗೆ ಎನ್‌ಜಿಸ್ಪೈಸನ್ನೇ ಬಳಸುತ್ತದೆ.

ಸ್ಪೈಸ್ ಎಂಬ ಹೆಸರನ್ನು ಬಿಡಿಸಿದರೆ 'ಸಮಗ್ರ ಮಂಡಲಗಳಿಗೆ ಒತ್ತು ಕೊಡುವ ಅನುಕರಣ ಕ್ರಮವಿಧಿ' ಎಂದಾಗುತ್ತದೆ. ಸಮಗ್ರ ಮಂಡಲವೆಂದರೆ ಐಸಿ ಚಿಪ್. ಅದರೊಳಗೆ ಇರುವುದು ಮುಖ್ಯವಾಗಿ ಟ್ರಾನ್ಸಿಸ್ಟರುಗಳು. ಆದ್ದರಿಂದ ಟ್ರಾನ್ಸಿಸ್ಟರನ್ನು ವರ್ಣಿಸಲು ಸ್ಪೈಸ್‌ನಲ್ಲಿ ಹತ್ತಾರು ಅಂಶಗಳಿವೆ. ಪ್ರೇರಕಕ್ಕೋ, ಮೂಲತಃ ಒಂದೇ ಅಂಶ: ಎಷ್ಟು ಹೆನ್ರಿ? ಹೀಗೆ ಒಂದೇ ಸಂಖ್ಯೆಯಿಂದ ಹುಟ್ಟಿದ ಸುರುಳಿಗೆ ತಂತಿಯ ರೋಧವಿಲ್ಲ, ಸುತ್ತುಗಳ ನಡುವಿನ ಧಾರಕತೆಯಿಲ್ಲ, ತಿರುಳು ಇಲ್ಲ. ಅದು ಬಿಸಿಯಾಗುವುದಿಲ್ಲ. ಎಷ್ಟು ಪ್ರವಾಹ ಹರಿಸಿದರೂ ಅದರ ಪ್ರೇರಕತೆ ಕುಗ್ಗುವುದಿಲ್ಲ. ಎಲ್‌ಟಿಸ್ಪೈಸ್ ಇಲ್ಲಿ ಸ್ವಲ್ಪ ವಾಸಿ. ಪ್ರೇರಕದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಸರಣಿ ರೋಧ, ಸಮಾಂತರ ರೋಧ, ಸಮಾಂತರ ಧಾರಕತೆ ಎಂಬ ಖಾಲಿ ಜಾಗಗಳು ಕಾಣುತ್ತವೆ. ಸರಣಿ ರೋಧದ ಜಾಗವನ್ನು ಖಾಲಿ ಬಿಟ್ಟರೆ ಅದು ತಾನಾಗಿಯೇ 1 ಮಿಲಿಓಮ್ ಎಂದು ಇಟ್ಟುಕೊಳ್ಳುತ್ತದೆ. ಲೆಕ್ಕ ಸರಾಗವಾಗಿ ಸಾಗಲೆಂದು ಮಾಡಿಕೊಂಡ ಏರ್ಪಾಡು ಇದು. ಯಾವ ಅಂಗಡಿಯ ಸುರುಳಿಯ ವರ್ಣನೆಯೂ ಅಲ್ಲ. ಖಾಲಿ ಬಿಟ್ಟ ವಿದ್ಯಾರ್ಥಿಗೆ ಇದು ತಿಳಿದಿರುವುದಿಲ್ಲ ಎಂಬುದೇ ನಮ್ಮ ಮೊದಲ ಆಕ್ಷೇಪ.

675ನ್ನು ಹಿಡಿಯುವ ಮಂಡಲ

ಈಗ ಮೊದಲ ಮಂಡಲ. 330 ಮೈಕ್ರೊಹೆನ್ರಿಯ ಪ್ರೇರಕಕ್ಕೆ ಸಮಾಂತರವಾಗಿ ಸುಮಾರು 168 ಪಿಕೊಫ್ಯಾರಡ್ ಧಾರಕ ಜೋಡಿಸಿದರೆ ಅದು 675 ಕಿಲೋಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಈ ಆವೃತ್ತಿಯಲ್ಲಿ ಸುರುಳಿಯ ಪ್ರತಿಘಾತ ಸುಮಾರು 1400 ಓಮ್. ಪ್ರತಿಘಾತವನ್ನು ಸುರುಳಿಯ ರೋಧದಿಂದ ಭಾಗಿಸಿದರೆ ಬರುವುದು ಗುಣಾಂಕ. ಪುಸ್ತಕಗಳಲ್ಲಿ ಇದನ್ನು ಕ್ಯೂ ಎಂದು ಬರೆಯುತ್ತಾರೆ. ಅನುರಣನ ಆವೃತ್ತಿಯನ್ನು ಗುಣಾಂಕದಿಂದ ಭಾಗಿಸಿದರೆ ಮಂಡಲ ಒಳಬಿಡುವ ಆವೃತ್ತಿ ಪಟ್ಟಿಯ ಅಗಲ ದೊರೆಯುತ್ತದೆ.

ತೆರೆಯ ಮೇಲಿನ ಸುರುಳಿಗೆ 1 ಮಿಲಿಓಮ್ ಸರಣಿ ರೋಧವೊಂದೇ ಇದೆಯೆಂದು ಇಟ್ಟುಕೊಂಡು ಲೆಕ್ಕ ಹಾಕಿ. ಗುಣಾಂಕ 14 ಲಕ್ಷ! ಪಟ್ಟಿಯ ಅಗಲ ಅರ್ಧ ಹರ್ಟ್ಸ್‌ಗಿಂತ ಕಡಿಮೆ. ಮಧ್ಯಮ ತರಂಗದಲ್ಲಿ ನಮ್ಮ ದೇಶದ ನಿಲಯಗಳಿಗೆ ಕೊಟ್ಟಿರುವ ಆವೃತ್ತಿಗಳ ನಡುವಿನ ಅಂತರ 9 ಕಿಲೋಹರ್ಟ್ಸ್. ಮಾತು, ಸಂಗೀತ ಇಷ್ಟಗಲದಲ್ಲಿ ಹರಡಿಕೊಂಡಿರುತ್ತವೆ. ಅರ್ಧ ಹರ್ಟ್ಸ್‌ನ ಕಿಂಡಿಯಲ್ಲಿ ವಾಹಕ ತರಂಗ ಮಾತ್ರ ತೂರಬಲ್ಲದು, ವಾರ್ತೆಯ ಒಂದು ಅಕ್ಷರವೂ ತೂರಲಾರದು. ಆದರೂ ತೆರೆಯ ಮೇಲೆ ಕಾಣುವುದು ಸೂಜಿಯಂತೆ ಚೂಪಾದ, ಕಣ್ಣಿಗೆ ಚೆಂದವಾದ ಶಿಖರ. ವಿದ್ಯಾರ್ಥಿ ಅದನ್ನು ಮುದ್ರಿಸಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸುತ್ತಾನೆ. ಇನ್ನೊಂದು ತೊಡಕನ್ನೂ ಗಮನಿಸಿ. ಇಂಥ ಮಂಡಲದಲ್ಲಿ ಕಂಪನ ಬೆಳೆದು ನಿಲ್ಲಲು ಬೇಕಾದ ಕಾಲಾಂಕವೇ 0.66 ಸೆಕೆಂಡು. ಒಂದು ಮಿಲಿಸೆಕೆಂಡಿನ ಅಲೆಯನ್ನು ಬರೆಸಿ 'ಇದೇ ಉತ್ತರ' ಎಂದರೆ, ನಾವು ನೋಡಿದ್ದು ಆರಂಭದ ಒಂದು ಚೂರನ್ನಷ್ಟೇ.

ನಮಗೆ ನಿಜವಾಗಿ ಬೇಕಾದ ಗುಣಾಂಕ ಎಷ್ಟು? 675ನ್ನು 9ರಿಂದ ಭಾಗಿಸಿ: 75. ಅಂದರೆ ಸುರುಳಿಯ ಪರಿಣಾಮಕಾರಿ ರೋಧ ಸುಮಾರು 19 ಓಮ್ ಇದ್ದರೆ ಮಂಡಲ ಒಂದು ನಿಲಯದ ಅಗಲಕ್ಕೆ ಸರಿಹೊಂದುತ್ತದೆ. ಇಲ್ಲಿ 'ಪರಿಣಾಮಕಾರಿ' ಎಂಬ ಮಾತಿಗೆ ತೂಕವಿದೆ. ಮಲ್ಟಿಮೀಟರ್‌ನಲ್ಲಿ ಅಳೆದಾಗ ಸುರುಳಿ ಕೆಲವೇ ಓಮ್ ತೋರಬಹುದು. ಅದು ನೇರ ಪ್ರವಾಹಕ್ಕೆ ಇರುವ ರೋಧ. 675 ಕಿಲೋಹರ್ಟ್ಸ್‌ನಲ್ಲಿ ಪ್ರವಾಹ ತಂತಿಯ ಹೊರಮೈಗೆ ಸರಿಯುತ್ತದೆ, ತಿರುಳಿನಲ್ಲೂ ನಷ್ಟವಾಗುತ್ತದೆ, ರೋಧ ಏರುತ್ತದೆ. ತಯಾರಕರು ಮಾಹಿತಿ ಹಾಳೆಯಲ್ಲಿ ಗುಣಾಂಕವನ್ನು, ಅದನ್ನು ಅಳೆದ ಆವೃತ್ತಿಯನ್ನು ಕೊಡುವುದು ಈ ಕಾರಣಕ್ಕೆ. ತೆರೆಯ ಮೇಲೆ ತುಂಬಬೇಕಾದದ್ದು ಆ ಗುಣಾಂಕದಿಂದ ಲೆಕ್ಕಹಾಕಿ ಪಡೆದ ರೋಧವನ್ನು.

ಅಷ್ಟಕ್ಕೇ ಮುಗಿಯಲಿಲ್ಲ. ಗುಣಾಂಕ 75 ಇರುವ ಈ ಮಂಡಲ ಅನುರಣನೆಯಲ್ಲಿ ಸುಮಾರು 105 ಕಿಲೋಓಮ್‌ನಂತೆ ವರ್ತಿಸುತ್ತದೆ. ಇದಕ್ಕೆ 50 ಕಿಲೋಓಮ್ ಹೊರೆ ಹಾಕುವ ಡಯೋಡ್ ಪತ್ತೆಕಾರಿಯನ್ನು ನೇರವಾಗಿ ಜೋಡಿಸಿದರೆ ಗುಣಾಂಕ 24ಕ್ಕೆ ಇಳಿದು, ಪಟ್ಟಿ 28 ಕಿಲೋಹರ್ಟ್ಸ್‌ಗೆ ಅಗಲವಾಗುತ್ತದೆ. ಒಂದರ ಜಾಗದಲ್ಲಿ ಮೂರು ನಿಲಯಗಳು ಬಂದು ಕೂರುವಷ್ಟು ಅಗಲ! ರೇಡಿಯೊ ತಯಾರಕರು ಸುರುಳಿಯ ಮಧ್ಯದಿಂದ ಕವಲು ತೆಗೆಯುತ್ತಿದ್ದುದು, ಎರಡನೆಯ ಸಣ್ಣ ಸುರುಳಿ ಸುತ್ತುತ್ತಿದ್ದುದು ಹೊರೆಯ ಈ ಪೆಟ್ಟನ್ನು ತಗ್ಗಿಸಲೆಂದೇ. ಹೊರೆಯನ್ನು ಬರೆಯದ ಸಿಮ್ಯುಲೇಷನ್‌ನಲ್ಲಿ ಈ ಜಾಣ್ಮೆಗೆ ಅರ್ಥವೇ ಕಾಣುವುದಿಲ್ಲ. ಜೊತೆಗೆ, ರೋಧಕದಂತೆ ಬಣ್ಣದ ಪಟ್ಟಿ ಹೊತ್ತ 330 ಮೈಕ್ರೊಹೆನ್ರಿಯ ಪುಟ್ಟ ಚೋಕ್ ಮತ್ತು ಫೆರೈಟ್ ಕಡ್ಡಿಯ ಮೇಲೆ ಸುತ್ತಿದ 330 ಮೈಕ್ರೊಹೆನ್ರಿಯ ಸುರುಳಿ ತೆರೆಯ ಮೇಲೆ ಒಂದೇ. ಆದರೆ ಫೆರೈಟ್ ಕಡ್ಡಿ ಗಾಳಿಯಲ್ಲಿನ ಅಲೆಯನ್ನು ಹಿಡಿಯುವ ಆಂಟೆನಾ. ಪುಟ್ಟ ಚೋಕ್ ಆ ಮಟ್ಟಿಗೆ ಕಿವುಡು.

ಹದಿಮೂರನೆಯ ಪಟ್ಟು

ಇನ್ನು ಎರಡನೆಯ ಮಂಡಲ. 12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್ ಪಡೆಯಲು ವಿದ್ಯಾರ್ಥಿಗಳು ಬಳಸುವ ಚಿಪ್‌ಗಳಲ್ಲಿ ಎಲ್‌ಎಂ2576 ಒಂದು. ಅದು ವೋಲ್ಟೇಜನ್ನು ಸೆಕೆಂಡಿಗೆ 52 ಸಾವಿರ ಸಲ ಕಡಿದು, ಪ್ರೇರಕ ಮತ್ತು ಧಾರಕದ ಮೂಲಕ ನಯಗೊಳಿಸುತ್ತದೆ. ಹೀಗೆ ಕಡಿದ ಚೌಕ ಅಲೆಯಲ್ಲಿ 52 ಕಿಲೋಹರ್ಟ್ಸ್ ಮಾತ್ರವಲ್ಲ, ಅದರ ಪೂರ್ಣಾಂಕ ಪಟ್ಟುಗಳೂ ಇರುತ್ತವೆ. 52ನ್ನು 13ರಿಂದ ಗುಣಿಸಿ ನೋಡಿ: 676. ಭದ್ರಾವತಿಯ ಆವೃತ್ತಿಗೂ ಇದಕ್ಕೂ ಒಂದೇ ಒಂದು ಕಿಲೋಹರ್ಟ್ಸ್ ವ್ಯತ್ಯಾಸ! ರೇಡಿಯೊದೊಳಗೆ ಎರಡೂ ಬೆರೆತು ಒಂದು ಕಿಲೋಹರ್ಟ್ಸ್‌ನ ಸೀಟಿಯಾಗಿ ಕೇಳಿಸುತ್ತವೆ.

ಈ ಹದಿಮೂರನೆಯ ಪಟ್ಟು ದುರ್ಬಲವಾಗಿರುತ್ತದೆ ಎಂದುಕೊಳ್ಳಬೇಡಿ. 12 ವೋಲ್ಟ್‌ನಿಂದ 5 ವೋಲ್ಟ್ ಪಡೆಯುವಾಗ ಚಿಪ್‌ನ ಸ್ವಿಚ್ ತುದಿಯಲ್ಲಿ ಅದರ ಪಾರ ಅರ್ಧ ವೋಲ್ಟ್‌ಗೂ ಮಿಗಿಲು. ರೇಡಿಯೊದ ಆಂಟೆನಾ ದುಡಿಯುವುದು ಇದರ ಅತಿ ಸಣ್ಣ ಅಂಶದಷ್ಟು ಸಂಕೇತದ ಮೇಲೆ. ಸಿಮ್ಯುಲೇಷನ್‌ನಲ್ಲಿ ಇದು ಕಾಣುತ್ತದೆಯೇ? ಕೇಳಿದರೆ ಕಾಣುತ್ತದೆ. 676 ಕಿಲೋಹರ್ಟ್ಸ್‌ನ ಒಂದು ಆವರ್ತಕ್ಕೆ ಹಿಡಿಯುವ ಕಾಲ ಸುಮಾರು 1.5 ಮೈಕ್ರೊಸೆಕೆಂಡು. ಲೆಕ್ಕದ ಹೆಜ್ಜೆಯನ್ನು 1 ಮೈಕ್ರೊಸೆಕೆಂಡಿಗೆ ಬಿಟ್ಟರೆ ಅಷ್ಟರಲ್ಲಿ ಎರಡು ಬಿಂದುವೂ ಬೀಳುವುದಿಲ್ಲ. ತೆರೆಯ ಮೇಲೆ ಎಲ್ಲವೂ ಶಾಂತ. ಹೆಜ್ಜೆಯನ್ನು 20 ನ್ಯಾನೊಸೆಕೆಂಡಿಗೆ ಇಳಿಸಿ ನೋಡಬೇಕು. ಅಲ್ಲದೆ 52 ಎಂಬುದು ನಡುಬೆಲೆ. ತಯಾರಕರ ಹಾಳೆಯ ಪ್ರಕಾರ 25 ಡಿಗ್ರಿ ಸೆಲ್ಸಿಯಸ್‌ನಲ್ಲೇ ಚಿಪ್‌ನಿಂದ ಚಿಪ್‌ಗೆ ಇದು 47ರಿಂದ 58ರವರೆಗೆ ಇರಬಹುದು. ಒಂದು ಚಿಪ್‌ನಲ್ಲಿ ಹದಿಮೂರನೆಯದಾದರೆ ಮತ್ತೊಂದರಲ್ಲಿ ಹನ್ನೆರಡನೆಯ ಅಥವಾ ಹದಿನಾಲ್ಕನೆಯ ಪಟ್ಟು 675ರ ಮೇಲೆ ಬೀಳಬಹುದು. ಒಂದೇ ಬೆಲೆಗೆ ಓಡಿಸಿದ ಸಿಮ್ಯುಲೇಷನ್ ಒಂದೇ ಚಿಪ್‌ನ ಕಥೆ ಹೇಳುತ್ತದೆ.

ಇದೇ ಮಂಡಲದ ಮುಖ್ಯ ಪ್ರೇರಕವನ್ನು ನೋಡಿ. 3 ಆಂಪಿಯರ್ ಹೊರೆಗೆ ತಯಾರಕರು ಸೂಚಿಸುವ ಮಾದರಿ ಮಂಡಲದಲ್ಲಿರುವುದು 100 ಮೈಕ್ರೊಹೆನ್ರಿ. ಆಗ ಸುರುಳಿಯ ಪ್ರವಾಹದ ಏರಿಳಿತ ಸುಮಾರು 0.56 ಆಂಪಿಯರ್. ಅಂಗಡಿಯಲ್ಲಿ 100 ಮೈಕ್ರೊಹೆನ್ರಿ ಎಂದಷ್ಟೇ ಕೇಳಿದರೆ 1 ಆಂಪಿಯರ್ ತಾಳುವ ಪುಟ್ಟ ಸುರುಳಿಯೂ ಬರಬಹುದು. 3 ಆಂಪಿಯರ್ ಹರಿದಾಗ ಅದರ ಫೆರೈಟ್ ತಿರುಳು ಕಾಂತೀಯವಾಗಿ ಸಂತೃಪ್ತವಾಗುತ್ತದೆ. ಇಂಥ ಕೆಲಸಕ್ಕೆ ಬಳಸುವ ಫೆರೈಟ್ ಸುಮಾರು 0.4 ಟೆಸ್ಲಾಗಿಂತ ಹೆಚ್ಚು ಹೊರಲಾರದು, ಬಿಸಿಯಾದಷ್ಟೂ ಈ ಮಿತಿ ಇನ್ನೂ ತಗ್ಗುತ್ತದೆ. ಪ್ರೇರಕತೆ 30 ಮೈಕ್ರೊಹೆನ್ರಿಗೆ ಕುಸಿಯಿತೆನ್ನಿ, ಏರಿಳಿತ 1.87 ಆಂಪಿಯರ್‌ಗೆ ಹಾರುತ್ತದೆ. ಎಲ್‌ಟಿಸ್ಪೈಸ್‌ನ ಚೌಕದಲ್ಲಿ 'ಗರಿಷ್ಠ ಪ್ರವಾಹ' ಎಂಬ ಜಾಗವೂ ಇದೆ. ಅಲ್ಲಿ 1 ಆಂಪಿಯರ್ ಎಂದು ಬರೆದರೆ ತಂತ್ರಾಂಶ ಎಚ್ಚರಿಸುತ್ತದೆ ಎಂದು ನೀವು ಭಾವಿಸಬಹುದು. ಎಚ್ಚರಿಸುವುದಿಲ್ಲ. ಅದು ಬರೀ ಟಿಪ್ಪಣಿ, ಲೆಕ್ಕಕ್ಕೆ ಸೇರುವುದಿಲ್ಲ. ಸಂತೃಪ್ತತೆಯನ್ನು ಕಾಣಬೇಕಾದರೆ ಪ್ರವಾಹಕ್ಕೂ ಕಾಂತೀಯ ಅಭಿವಾಹಕ್ಕೂ ಇರುವ ಸಂಬಂಧವನ್ನು ಸೂತ್ರವಾಗಿ ಬರೆದುಕೊಡಬೇಕು, ಇಲ್ಲವೇ ತಯಾರಕರೇ ಕೊಡುವ ಮಾದರಿಯನ್ನು ಬಳಸಬೇಕು. ಇಷ್ಟು ಮುಖ್ಯವಾದ ಸಂಗತಿಯನ್ನು ನಿರುಪಯೋಗಿ ಚೌಕವಾಗಿ ಇಟ್ಟಿರುವುದು ಆ ತಂತ್ರಾಂಶದ ದೋಷವೆಂದೇ ಹೇಳಬೇಕು.

ಇನ್ನೂರೋ, ಹತ್ತೋ?

ಹೊರಬರುವ 5 ವೋಲ್ಟ್‌ನಲ್ಲಿ ಉಳಿಯುವ ಏರಿಳಿತಕ್ಕೆ ಬನ್ನಿ. 1000 ಮೈಕ್ರೊಫ್ಯಾರಡ್‌ನ ಆದರ್ಶ ಧಾರಕ ಇಟ್ಟರೆ ಅದು ಬರೀ 1.35 ಮಿಲಿವೋಲ್ಟ್. ವಿದ್ಯುದ್ವಿಚ್ಛೇದ್ಯ ಧಾರಕಗಳಿಗೆ ಒಳರೋಧವಿರುತ್ತದೆ. ಅದು 0.1 ಓಮ್ ಆಗಿದ್ದರೂ ಏರಿಳಿತ 56 ಮಿಲಿವೋಲ್ಟ್, ಅಂದರೆ 40 ಪಟ್ಟಿಗಿಂತ ಹೆಚ್ಚು.

ಇದನ್ನು ತಗ್ಗಿಸಲು ಹೊರತುದಿಯಲ್ಲಿ ಇನ್ನೊಂದು ಸಣ್ಣ ಫಿಲ್ಟರ್ ಹಾಕಬಹುದೆಂದು ಎಲ್‌ಎಂ2576ರ ಮಾಹಿತಿ ಹಾಳೆಯೇ ಹೇಳುತ್ತದೆ: 20 ಮೈಕ್ರೊಹೆನ್ರಿ, 100 ಮೈಕ್ರೊಫ್ಯಾರಡ್. ಇದರ ಅನುರಣನ ಆವೃತ್ತಿ ಸುಮಾರು 3.6 ಕಿಲೋಹರ್ಟ್ಸ್. ಆದರ್ಶ ಭಾಗಗಳಿಂದ ಸಿಮ್ಯುಲೇಷನ್ ಮಾಡಿದರೆ 52 ಕಿಲೋಹರ್ಟ್ಸ್‌ನ ಏರಿಳಿತ 200 ಪಟ್ಟಿಗಿಂತ ಹೆಚ್ಚು ತಗ್ಗುತ್ತದೆ. ತಯಾರಕರು ಹೇಳುವುದು ಎಷ್ಟು? ಹತ್ತು ಪಟ್ಟು! ಯಾವುದು ಸರಿ? ಧಾರಕಕ್ಕೆ 0.5 ಓಮ್ ಒಳರೋಧ ಬರೆದು ಮತ್ತೊಮ್ಮೆ ಓಡಿಸಿ. 52 ಕಿಲೋಹರ್ಟ್ಸ್‌ನಲ್ಲಿ ಸುರುಳಿಯ ಪ್ರತಿಘಾತ 6.5 ಓಮ್; ಅದನ್ನು 0.5ರಿಂದ ಭಾಗಿಸಿದರೆ 13. ಈಗ ಉತ್ತರ ತಯಾರಕರ ಮಾತಿನ ಹತ್ತಿರಕ್ಕೆ ಬಂತು. ತಂತ್ರಾಂಶ ಎರಡು ಸಲವೂ ಸರಿಯಾಗಿಯೇ ಲೆಕ್ಕ ಮಾಡಿದೆ. ಮೊದಲ ಸಲ ನಾವು ಕೊಟ್ಟ ಲೆಕ್ಕವೇ ಬೇರೆ ಲೋಕದ್ದು.

ದೊಡ್ಡದೆಲ್ಲ ಒಳ್ಳೆಯದೇ?

ಗದ್ದಲ ತಡೆಯದಿದ್ದರೆ ದೊಡ್ಡ ಪ್ರೇರಕ ಹಾಕು ಎಂಬುದು ಸಾಮಾನ್ಯ ಸಲಹೆ. 675 ಕಿಲೋಹರ್ಟ್ಸ್‌ನಲ್ಲಿ 1 ಮಿಲಿಹೆನ್ರಿಯ ಆದರ್ಶ ಸುರುಳಿಯ ಪ್ರತಿಘಾತ ಸುಮಾರು 4240 ಓಮ್, 10 ಮಿಲಿಹೆನ್ರಿಯದು 42,400 ಓಮ್. ಹತ್ತು ಪಟ್ಟು ಲಾಭ! ಈಗ ಎರಡಕ್ಕೂ ಸುತ್ತುಗಳ ನಡುವಿನ ಧಾರಕತೆ 30 ಪಿಕೊಫ್ಯಾರಡ್ ಎಂದು ಸೇರಿಸಿ. ಚಿಕ್ಕ ಸುರುಳಿಯ ಸ್ವಂತ ಅನುರಣನೆ 919 ಕಿಲೋಹರ್ಟ್ಸ್‌ನಲ್ಲಿ, ದೊಡ್ಡದರದು 291 ಕಿಲೋಹರ್ಟ್ಸ್‌ನಲ್ಲಿ. ದೊಡ್ಡ ಸುರುಳಿ 675ಕ್ಕೆ ಬರುವಷ್ಟರಲ್ಲಿ ಪ್ರೇರಕವಾಗಿಯೇ ಉಳಿದಿಲ್ಲ, ಧಾರಕವಾಗಿ ವರ್ತಿಸುತ್ತಿದೆ. ನಷ್ಟಗಳನ್ನು ಬದಿಗಿಟ್ಟು ಎಣಿಸಿದರೆ ಚಿಕ್ಕದರ ಅಡ್ಡಿ ಸುಮಾರು 9,200 ಓಮ್, ದೊಡ್ಡದರದು 9,600 ಓಮ್. ಹತ್ತು ಪಟ್ಟು ದೊಡ್ಡದನ್ನು ತಂದು ಪಡೆದದ್ದು ಶೇಕಡ 5ರಷ್ಟು! ನೇರ ಪ್ರವಾಹಕ್ಕೆ ರೋಧ ಹೆಚ್ಚಿಸಿಕೊಂಡು, ಬಿಸಿಯನ್ನು ಕೊಂಡುಕೊಂಡದ್ದು ಬೇರೆ.

ಫಿಲ್ಟರ್ ಎಂಬುದು ಅನುರಣನ ಮಂಡಲವೂ ಹೌದು ಎಂಬುದನ್ನೂ ಮರೆಯಬಾರದು. 10 ಮಿಲಿಹೆನ್ರಿ ಮತ್ತು 1000 ಮೈಕ್ರೊಫ್ಯಾರಡ್ ಎರಡೂ ಲೆಕ್ಕಕ್ಕೆ ಸುಲಭವಾದ ಸಂಖ್ಯೆಗಳು. ಇವುಗಳ ಅನುರಣನೆ ಎಲ್ಲಿದೆ ಗೊತ್ತೇ? 50.3 ಹರ್ಟ್ಸ್‌ನಲ್ಲಿ, ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿಯ ಪಕ್ಕದಲ್ಲೇ. ಪೂರ್ಣ ಅಲೆಯ ದಿಷ್ಟಕಾರಿಯಲ್ಲಿ 100 ಹರ್ಟ್ಸ್‌ನ ಏರಿಳಿತವನ್ನು ಇದು ಮೂರರಲ್ಲಿ ಒಂದಕ್ಕೆ ಇಳಿಸುತ್ತದೆ, ಅಷ್ಟೇ. ಅರ್ಧ ಅಲೆಯ ದಿಷ್ಟಕಾರಿಗೆ ಜೋಡಿಸಿದರೆ 50 ಹರ್ಟ್ಸನ್ನು ಸೋಸುವ ಬದಲು ಉಬ್ಬಿಸಲು ಹೊರಡುತ್ತದೆ. ಎಷ್ಟು ಉಬ್ಬುತ್ತದೆ ಎಂಬುದು ಹೊರೆಯ ಮೇಲೆ, ಸುರುಳಿಯ ರೋಧದ ಮೇಲೆ ನಿಂತಿದೆ; ಆದರ್ಶ ಸುರುಳಿಯಲ್ಲಿ ಈ ಕಡಿವಾಣ ಇರುವುದಿಲ್ಲ. ಪ್ರೇರಕದ ರೋಧ ಯಾವಾಗಲೂ ಶತ್ರುವಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ತೆರೆಯ ಮೇಲೆ ಇಲ್ಲದ ದಾರಿ

ಎಲ್ಲ ಬೆಲೆಗಳನ್ನೂ ಪ್ರಾಮಾಣಿಕವಾಗಿ ತುಂಬಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಸಿಮ್ಯುಲೇಷನ್‌ನಲ್ಲಿ 'ಭೂಮಿ' ಎಂಬ ಚಿಹ್ನೆ ಎಲ್ಲೆಡೆಯೂ ಶೂನ್ಯ ವೋಲ್ಟ್. ನಿಜವಾದ ಬೋರ್ಡಿನಲ್ಲಿ ಹಾಗಿಲ್ಲ. ಗದ್ದಲ ಎರಡೂ ತಂತಿಗಳಲ್ಲಿ ಒಟ್ಟಿಗೆ ಒಂದೇ ದಿಕ್ಕಿಗೆ ಹೊರಟು, ಬೋರ್ಡಿಗೂ ನೆಲಕ್ಕೂ ನಡುವಿನ ಕಾಣದ ಧಾರಕತೆಯ ಮೂಲಕ ಮರಳುತ್ತದೆ. ಆಗ ಉದ್ದನೆಯ ವಯರೇ ಪ್ರಸಾರದ ಆಂಟೆನಾ. ಒಂದು ತಂತಿಯಲ್ಲಿ ಇಟ್ಟ ಪ್ರೇರಕ ಇದನ್ನು ತಡೆಯಲಾರದು. ಎರಡೂ ತಂತಿಗಳನ್ನು ಒಂದೇ ತಿರುಳಿನ ಮೇಲೆ ಸುತ್ತಿದ ಜೋಡಿ ಚೋಕ್ ಬೇಕು. ಬರೆಯದ ದಾರಿಯನ್ನು ತಂತ್ರಾಂಶ ಊಹಿಸುವುದಿಲ್ಲ. ಆ ಧಾರಕತೆಯನ್ನು ನಾವೇ ಬರೆಯಬೇಕು, ಬೋರ್ಡಿನ ಭೂಮಿಯನ್ನೂ ನೆಲವನ್ನೂ ಬೇರೆ ಬೇರೆಯಾಗಿ ತೋರಿಸಬೇಕು.

ಹಾಗಾದರೆ ಮಾಡಬೇಕಾದದ್ದು

ಇಷ್ಟೆಲ್ಲ ಹೇಳಿದ್ದು ಸಿಮ್ಯುಲೇಷನ್ ಬೇಡವೆಂದಲ್ಲ. ಇಲ್ಲಿಯ ಪ್ರತಿಯೊಂದು ದೋಷವನ್ನೂ ಅದೇ ತಂತ್ರಾಂಶದಲ್ಲಿ ಹತ್ತು ನಿಮಿಷದಲ್ಲಿ ತೋರಿಸಬಹುದು. ಅದೇ ಅದರ ಹಿರಿಮೆ. ಆಕ್ಷೇಪ ಇರುವುದು ಕಲಿಸುವ ಕ್ರಮದ ಮೇಲೆ. 'ಕಡಿತ ಆವೃತ್ತಿ ಕಂಡುಹಿಡಿಯಿರಿ' ಎಂದಷ್ಟೇ ಕೇಳುವ ಪ್ರಯೋಗ ಕೈಪಿಡಿಗಳಿಗೆ ಆದರ್ಶ ಪ್ರೇರಕ ಸಾಕು. 'ಈ ಚೋಕನ್ನೇ ಏಕೆ ಆರಿಸಿದಿರಿ?' ಎಂದು ಕೇಳಿದ ದಿನ ಅದು ಸಾಲದಾಗುತ್ತದೆ.

ನೀವು ಪ್ರೇರಕ ಆರಿಸುವಾಗ ಬೆಲೆಯ ಜೊತೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಕೆಲಸದ ಆವೃತ್ತಿಯಲ್ಲಿ ಇದರ ರೋಧವೆಷ್ಟು? ಯಾವ ಪ್ರವಾಹದಲ್ಲಿ ಸಂತೃಪ್ತವಾಗುತ್ತದೆ? ಸ್ವಂತ ಅನುರಣನೆ ಎಲ್ಲಿದೆ? ಹಿಂದೆ ಮುಂದೆ ಇರುವ ಹೊರೆ ಏನು? ಉತ್ತರಗಳನ್ನು ತುಂಬಿ ಓಡಿಸಿದ ಮೇಲೆ, ಬೆಲೆಗಳನ್ನು ಶೇಕಡ 20ರಷ್ಟು ಹೆಚ್ಚು ಕಡಿಮೆ ಮಾಡಿ ಮತ್ತೆ ಓಡಿಸಿ. ಆಗಲೂ ನಿಲ್ಲುವ ಮಂಡಲವನ್ನಷ್ಟೇ ಬೋರ್ಡಿಗೆ ಇಳಿಸಿ.

ಅಧ್ಯಾಪಕರಿಗೂ ಒಂದು ಸೂಚನೆ. ರೆಕಾರ್ಡ್ ಪುಸ್ತಕದಲ್ಲಿ ಸಿಮ್ಯುಲೇಷನ್ ಹೇಳಿದ್ದು, ಅಳೆದದ್ದು ಎಂದು ಎರಡು ಕಲಂ ಇಡಿಸಿ. ಎರಡೂ ಒಂದೇ ಆಗಿದ್ದರೆ ಅಂಕ ಕೊಡುವ ಬದಲು, ವ್ಯತ್ಯಾಸಕ್ಕೆ ಕಾರಣ ಬರೆದವರಿಗೆ ಅಂಕ ಕೊಡಿ. ಇಲ್ಲದಿದ್ದರೆ ವಿದ್ಯಾರ್ಥಿಗಳು ಅಳತೆಯನ್ನೇ ತೆರೆಗೆ ಹೊಂದಿಸಿ ಬರೆಯುವುದನ್ನು ಕಲಿಯುತ್ತಾರೆ. ಅಳೆಯಲು ದುಬಾರಿ ಉಪಕರಣವಿಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಮನೆಯ ಹಳೆಯ ಮಧ್ಯಮ ತರಂಗದ ರೇಡಿಯೊ ಒಳ್ಳೆಯ ಗದ್ದಲ ಮಾಪಕ. ಮುಳ್ಳನ್ನು 675ರ ಆಸುಪಾಸಿಗೆ ತಿರುಗಿಸಿ, ನೀವು ಕಟ್ಟಿದ ಬೋರ್ಡಿನ ಬಳಿ ಹಿಡಿಯಿರಿ. ಫಿಲ್ಟರ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ಕೇಳಿ. ಫಿಲ್ಟರ್ ಗದ್ದಲವನ್ನು ತಗ್ಗಿಸಿತೋ ಇಲ್ಲವೋ ಎಂಬುದು ಕಿವಿಗೇ ತಿಳಿಯುತ್ತದೆ.